ದುಬಾರೆ ನಿಜಕ್ಕೂ ದ್ವೀಪವಾ? ಎರಡು ದಿನ ಉಳಿದು ನೋಡುವಂಥದ್ದು ಅಲ್ಲಿ ಏನಿದೆ?

ನೀವು ಕೇಳಿದ್ದು ಎರಡು. ಕೊಡಗಿನಲ್ಲಿ ಹೊಳೆ ಸುತ್ತುವರಿದು, ಪಕ್ಕದಲ್ಲೇ ಮೀಸಲು ಅರಣ್ಯ ಇರುವ ಊರು ಬೇಕು, ದುಬಾರೆ ಅಂಥದ್ದಾ ಅಂತ ಒಂದು. ಇಕೋ ಟೂರಿಸಂ ಹೆಸರಲ್ಲಿ ನಾವು ಕೊಡುವ ದುಡ್ಡು ಅಲ್ಲಿಯವರಿಗೆ ಸೇರುತ್ತಾ ಅಂತ ಇನ್ನೊಂದು. ನಮ್ಮ ಮನೆ ನಂಜರಾಯಪಟ್ಟಣದ ಕಡೆ. ಅಂದರೆ ದುಬಾರೆಯ ಎದುರು, ಹೊಳೆಯ ಈಚೆ ದಡ. ನನಗೆ ಕಂಡಷ್ಟು ಹೇಳುತ್ತೇನೆ.

ಮ್ಯಾಪ್ ನೋಡಿದರೆ ದುಬಾರೆ ದ್ವೀಪ ಅಲ್ಲ. ಎದುರಿಗೆ ಕಾವೇರಿ, ಬೆನ್ನಿಗೆ ಕಾಡು, ಅಷ್ಟೆ. ಆದರೆ ನಿಮ್ಮಂಥವರು ಅಲ್ಲಿನ ಆನೆ ಶಿಬಿರಕ್ಕೆ ಹೋಗಬೇಕಾದರೆ ಹೊಳೆ ದಾಟಲೇಬೇಕು. ನೀರಿದ್ದಾಗ ಬೋಟ್. ಬೇಸಿಗೆಯಲ್ಲಿ ನೀರು ಇಳಿದರೆ ಬಂಡೆ ಮೇಲೆ ಕಾಲಿಟ್ಟುಕೊಂಡು ದಾಟುವುದೂ ಉಂಟು. ಜುಲೈ, ಆಗಸ್ಟ್‌ನಲ್ಲಿ ಲೆಕ್ಕ ಬೇರೆ. ಹೊಳೆಯ ಮೇಲ್ಭಾಗದ ಭಾಗಮಂಡಲದ ಕಡೆ ಮಳೆ ಹಿಡಿದರೆ ಸಾಕು, ಇಲ್ಲಿ ಬಿಸಿಲು ಬಿದ್ದಿದ್ದರೂ ಹೊಳೆ ಕೆಂಪಾಗಿ ಏರುತ್ತದೆ, ಬೋಟ್ ನಿಲ್ಲುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕುಶಾಲನಗರದ ಬಡಾವಣೆಗಳಿಗೇ ನೀರು ನುಗ್ಗಿತ್ತು. ಆಗ ದುಬಾರೆ ದ್ವೀಪವೋ ಅಲ್ಲವೋ ಅಂತ ಇಲ್ಲಿ ಯಾರೂ ಕೇಳಲಿಲ್ಲ ಬಿಡಿ.

ಸುತ್ತ ನೀರೇ ಇರುವ ದ್ವೀಪ ಬೇಕು ಅಂದರೆ ಕುಶಾಲನಗರದ ಹತ್ತಿರದ ಕಾವೇರಿ ನಿಸರ್ಗಧಾಮ ಇದೆ. 64 ಎಕರೆ. ಅರಣ್ಯ ಇಲಾಖೆ 1989ರಲ್ಲಿ ಶುರು ಮಾಡಿದ್ದು. ತೂಗುಸೇತುವೆ, ಬಿದಿರು ಮೆಳೆ, ಜಿಂಕೆ, ಮಕ್ಕಳಿಗೆ ಖುಷಿ. ಆದರೆ ಅದು ಉದ್ಯಾನ, ಊರಲ್ಲ. ಗಡಿ ದಾಟಿ ವಯನಾಡಿಗೆ ಹೋದರೆ ಕಬಿನಿಯ ಮಧ್ಯೆ ಕುರುವ ದ್ವೀಪ, ಸುಮಾರು 950 ಎಕರೆ. ಅಲ್ಲೂ ಜನವಸತಿ ಇಲ್ಲ. ಮಳೆಗಾಲದಲ್ಲಿ ಮುಚ್ಚುತ್ತಾರೆ, ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇಟ್ಟಿದ್ದಾರೆ. ಆ ಮಿತಿ ನಮ್ಮ ಕಡೆಗೂ ಬಂದರೆ ಒಳ್ಳೆಯದು ಅನ್ನುವವನು ನಾನು. ಶನಿವಾರ, ಭಾನುವಾರ ಇಲ್ಲಿನ ಬೋಟ್ ಸಾಲು ನೋಡಿದರೆ ನಿಮಗೂ ಹಾಗೇ ಅನ್ನಿಸುತ್ತದೆ.

ಜನ ಇದ್ದು, ಕಾಡಿನ ಜೊತೆ ದಿನಾ ಕೆಲಸ ಮಾಡುವ ಜಾಗ ಅಂದರೆ ದುಬಾರೆಯೇ. ಅಲ್ಲಿ ನೋಡುವಂಥದ್ದು ಆನೆಗಿಂತ ಜಾಸ್ತಿ ಆನೆ ಸಾಕುವ ಕೆಲಸ. ಹೆಚ್ಚಿನವರು ಬಂದು, ಆನೆ ಸ್ನಾನದ ಹೊತ್ತಿಗೆ ಸೆಲ್ಫಿ ತೆಗೆದು, ಗಂಟೆಯೊಳಗೆ ಮರಳಿ ಬೋಟ್ ಹತ್ತುತ್ತಾರೆ. ಅವರಿಗೆ ಕಾಣುವುದು ಆ ಕೆಲಸದ ಕೊನೆಯ ತುಂಡು ಮಾತ್ರ. ರಾತ್ರಿ ಆನೆಗಳನ್ನು ಕಾಡಿಗೆ ಮೇಯಲು ಬಿಡುತ್ತಾರೆ, ಕಾಲಿಗೆ ಉದ್ದ ಸರಪಳಿ ಇರುತ್ತದೆ. ಬೆಳಗ್ಗೆ ಕಾವಾಡಿ, ಅಂದರೆ ಮಾವುತನ ಸಹಾಯಕ, ಆ ಸರಪಳಿ ಎಳೆದ ಗುರುತು ಹಿಡಿದು, ಮುರಿದ ಕೊಂಬೆ, ಲದ್ದಿ ನೋಡಿಕೊಂಡು ಹುಡುಕಿ ತರಬೇಕು. ಅದೇ ಕಾಡಲ್ಲಿ ಕಾಡಾನೆಯೂ ಇರುತ್ತದೆ ಅಲ್ವಾ? ಇದು ತಮಾಷೆ ಕೆಲಸ ಅಲ್ಲ. ಆಮೇಲೆ ಹೊಳೆಯಲ್ಲಿ ಉಜ್ಜುವುದು, ರಾಗಿ ಮುದ್ದೆ, ಬೆಲ್ಲ ತಿನ್ನಿಸುವುದು. ನೀವು ನೋಡುವುದು ಇಲ್ಲಿಂದ.

ಮಾವುತರು, ಕಾವಾಡಿಗಳಲ್ಲಿ ಹೆಚ್ಚಿನವರು ಜೇನು ಕುರುಬರು, ಇಲ್ಲಿನ ಕಾಡಿನ ಆದಿವಾಸಿಗಳು. ಕಾಡಾನೆ ಹಿಂಡನ್ನು ಅಟ್ಟಿ ಹಿಡಿಯುವ ಖೆಡ್ಡಾ ಕಾಕನಕೋಟೆಯಲ್ಲಿ ಕೊನೆಯ ಸಲ ನಡೆದದ್ದು 1971ರಲ್ಲಿ. ಆನೆ ಹಿಡಿಯುವುದು ಅಲ್ಲಿಗೇ ಮುಗಿಯಲಿಲ್ಲ. ಕೊಡಗು, ಹಾಸನದ ಕಾಫಿ ತೋಟಗಳಲ್ಲಿ ಉಪಟಳ ಕೊಟ್ಟ ಕಾಡಾನೆಗಳನ್ನು ಹಿಡಿದು ಇಂಥ ಶಿಬಿರಗಳಿಗೆ ತರುತ್ತಾರೆ. ದಪ್ಪ ಮರದ ದಿಮ್ಮಿಗಳ ಕ್ರಾಲ್ ಅನ್ನುವ ದೊಡ್ಡಿಯಲ್ಲಿ ತಿಂಗಳುಗಟ್ಟಲೆ ಇಟ್ಟು ಪಳಗಿಸುತ್ತಾರೆ. ಹಿಡಿಯಲು ಹೋಗುವುದೂ ಇದೇ ಸಾಕಾನೆಗಳು, ಇದೇ ಮಾವುತರು. ನಿಮ್ಮ ಮುಂದೆ ಸಾಧುವಾಗಿ ನಿಂತ ಆನೆ ಒಂದು ಕಾಲದಲ್ಲಿ ಯಾರದೋ ತೋಟದ ಬೇಲಿ ಮುರಿದದ್ದಾಗಿರಬಹುದು. ಪಕ್ಕದಲ್ಲಿ ನಿಂತು ಫೋಟೋಗೆ ತಳ್ಳಾಡುವವರಿಗೆ ಇದು ಗೊತ್ತಿದ್ದರೆ ಒಳ್ಳೆಯದು.

ಇನ್ನು ದುಡ್ಡಿನ ವಿಷಯ. ಶಿಬಿರ ಅರಣ್ಯ ಇಲಾಖೆಯದು. ಅಲ್ಲಿನ ರೆಸಾರ್ಟ್ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್‌ನದು. ಟಿಕೆಟ್ ದುಡ್ಡು ನೇರ ಹಾಡಿಯ, ಅಂದರೆ ಆದಿವಾಸಿಗಳ ಕೇರಿಯ, ಮನೆಗೆ ಹೋಗುತ್ತದೆ ಅಂದುಕೊಳ್ಳಬೇಡಿ. ಅವರಿಗೆ ಸಿಗುವುದು ಇಲಾಖೆಯ ಸಂಬಳ ಅಥವಾ ಕೂಲಿ. ಪ್ರವಾಸೋದ್ಯಮದ ದೊಡ್ಡ ಪಾಲು ನಮ್ಮ ದಡದಲ್ಲೇ ನಿಲ್ಲುತ್ತದೆ: ಹೋಂಸ್ಟೇ, ರಾಫ್ಟಿಂಗ್, ಅಂಗಡಿ, ಪಾರ್ಕಿಂಗ್. ಇದನ್ನು ಈಚೆ ದಡದವನೇ ಹೇಳುತ್ತಿದ್ದೇನೆ, ನಮ್ಮವರಿಗೆ ಸಿಟ್ಟು ಬಂದರೂ ಸರಿ. ಆದರೂ ದೊಡ್ಡ ಕಂಪನಿಯೊಂದರ ಹೋಟೆಲ್ ಕಾಡಿನೊಳಗೆ ಬರುವುದಕ್ಕಿಂತ ಇದು ವಾಸಿ. ನಾಗರಹೊಳೆಯ ಮೂರ್ಕಲ್‌ನಲ್ಲಿ ಅಂಥ ಪ್ರಯತ್ನ ನಡೆದಿತ್ತು. ಆದಿವಾಸಿಗಳ ಸಂಘಟನೆಯೇ ಕೋರ್ಟಿಗೆ ಹೋಯಿತು. 1997ರಲ್ಲಿ ಹೈಕೋರ್ಟ್ ಅದನ್ನು ತಡೆಯಿತು.

ಹಾಗಾದರೆ ನೀವೇನು ಮಾಡಬಹುದು? ವಾರದ ಮಧ್ಯೆ ಬನ್ನಿ. ನವೆಂಬರ್‌ನಿಂದ ಫೆಬ್ರುವರಿ ಚೆನ್ನ. ದಸರಾ ನೆಪದಲ್ಲಿ ಸೆಪ್ಟೆಂಬರ್‌ನಲ್ಲಿ ಬಂದು, ಹೆಸರುವಾಸಿ ಆನೆಗಳು ಎಲ್ಲಿ ಅಂತ ಕೇಳಬೇಡಿ. ಅವು ಆಗ ಮೈಸೂರಲ್ಲಿರುತ್ತವೆ. ಮಾವುತರ ಹೆಂಡತಿ, ಮಕ್ಕಳೂ ಅರಮನೆ ಅಂಗಳದ ಶೆಡ್‌ಗಳಲ್ಲಿ ಇರುತ್ತಾರೆ. ಮಕ್ಕಳಿಗೆ ಅಲ್ಲೇ ಟೆಂಟ್ ಶಾಲೆ. ಶಿಬಿರದಲ್ಲಿ ಮೊದಲ ಬೋಟ್‌ಗೇ ಹೋಗಿ, ಒಂದು ಕಡೆ ಕೂತು ಸುಮ್ನೆ ನೋಡಿ. ಬಿಡುವಿದ್ದ ಮಾವುತರನ್ನು ಮಾತಾಡಿಸಿ, ‘ಅಣ್ಣಾ, ಈ ಆನೆ ಎಷ್ಟು ವರ್ಷದಿಂದ ನಿಮ್ಮ ಹತ್ತಿರ ಇದೆ?’ ಅಂದರೆ ಸಾಕು, ಅಲ್ಲಿಂದ ಮುಂದೆ ಅವರೇ ಹೇಳುತ್ತಾರೆ. ಹಾಡಿಯೊಳಗೆ ಕ್ಯಾಮೆರಾ ಹಿಡಿದುಕೊಂಡು ನುಗ್ಗಬೇಡಿ. ಅದು ಅವರ ಮನೆ. ಜೇನು ಬೇಕಿದ್ದರೆ ರಸ್ತೆ ಬದಿ ಬಾಟಲಿ ಬಿಟ್ಟು, ಆದಿವಾಸಿಗಳ ಲ್ಯಾಂಪ್ಸ್ ಸಹಕಾರ ಸಂಘದಲ್ಲಿ ಸಿಕ್ಕರೆ ತಗೊಳ್ಳಿ.

ಉಳಿಯುವುದು ಈಚೆ ದಡದ ಯಾವುದಾದರೂ ಮನೆಯಲ್ಲಿ ಅಂತಾದರೆ ಒಂದು ಮಾತು. ಆನೆಗೆ ಹೊಳೆ ಗಡಿ ಅಲ್ಲ. ಬೇಸಿಗೆಯಲ್ಲಿ ರಾತ್ರಿ ಆರಾಮವಾಗಿ ದಾಟಿ ತೋಟಕ್ಕೆ ಬರುತ್ತವೆ. ಹಲಸು ಹಣ್ಣಾದ ಕಾಲದಲ್ಲಂತೂ ಕೇಳಬೇಡಿ. ಕಂದಕ, ಸೋಲಾರ್ ಬೇಲಿ, ರೈಲು ಕಂಬಿ ತಡೆಗೋಡೆ ಎಲ್ಲ ಮಾಡಿದ್ದಾರೆ, ಆನೆಯೂ ದಾರಿ ಹುಡುಕಿಕೊಳ್ಳುತ್ತದೆ. ಸಂಜೆ ಆರರ ಮೇಲೆ ತೋಟದ ರಸ್ತೆಯಲ್ಲಿ ಕಾಲ್ನಡಿಗೆ ಬೇಡ. ಮನೆಯವರು ‘ಇವತ್ತು ಆನೆ ಇದೆ’ ಅಂದರೆ ವಾದ ಮಾಡದೆ ಒಳಗಿರಿ. ಮಳೆಗಾಲದಲ್ಲೇ ಬರಬೇಕಾಗಿ ಬಂದರೆ ಹಿಂದಿನ ದಿನ ಮನೆಯವರಿಗೆ ಫೋನ್ ಮಾಡಿ, ಬೋಟ್ ಬಿಡುತ್ತಿದ್ದಾರಾ ಅಂತ ಕೇಳಿಯೇ ಹೊರಡಿ.