ಓದುಗರ ಪ್ರಶ್ನೆ: ತುಂಟ ಮಗುವಿನ ಕಥೆ ಬರೆಯುವುದು ಹೇಗೆ?

ಪ್ರಶ್ನೆ: ಎರಡು-ಮೂರನೇ ತರಗತಿಯ ಮಕ್ಕಳು ತಾವೇ ಓದಿಕೊಳ್ಳುವಂಥ ನಗೆ ಕಥೆ ಬರೆಯುತ್ತಿದ್ದೇನೆ. ನಾಯಕ ತುಂಟ ಹುಡುಗ. ಓದಿದವರು ‘ಇವನು ಬರೀ ಕಿಡಿಗೇಡಿ’ ಅನ್ನುತ್ತಾರೆ. ಎಲ್ಲಿ ಎಡವಿದೆ?
– ಶಿಕ್ಷಕಿ, ಚಿತ್ತಾಪುರ, ಕಲಬುರಗಿ ಜಿಲ್ಲೆ

ಉತ್ತರ: ಕಾರಣ ಮೊದಲು, ಅವಾಂತರ ಆಮೇಲೆ ಬರಬೇಕು ಮೇಡಂ. ಉದಾಹರಣೆಗೆ, ‘ಬೋರ್ಡು ಮಾಸಿ ಹೋಗ್ಯದ’ ಎಂದು ಗುರುಗಳು ಗೊಣಗುತ್ತಾರೆ. ಹುಡುಗ ಮಧ್ಯಾಹ್ನದ ಬಿಡುವಿನಲ್ಲಿ ಬೋರ್ಡಿಗೆಲ್ಲ ಕೊಬ್ಬರಿ ಎಣ್ಣೆ ಸವರುತ್ತಾನೆ. ‘ಫಳಫಳ ಹೊಳಿಲಕತ್ತದ ನೋಡ್ರಿ ಸರ್!’ ಚಾಕ್‌ಪೀಸ್ ಮಾತ್ರ ಜಾರುತ್ತದೆ, ಅಕ್ಷರ ಮೂಡುವುದಿಲ್ಲ. ಒರೆಸಹೋದರೆ ಬಟ್ಟೆಯ ನೂಲು, ಧೂಳು ಎಲ್ಲ ಅಂಟಿ ಇನ್ನಷ್ಟು ರಾಡಿ. ಅವನ ಲೆಕ್ಕ ಓದುವ ಮಗುವಿಗೆ ಸರಿ ಅನ್ನಿಸಿ, ಎಲ್ಲಿ ತಪ್ಪುತ್ತದೆಂಬುದು ಅವನಿಗಿಂತ ಒಂದು ಸಾಲು ಮುಂಚೆ ಹೊಳೆಯಬೇಕು. ನಗು ಹುಟ್ಟುವುದು ಅಲ್ಲೇ. ಕಾರಣವನ್ನು ಕೊನೆಗೆ ಹೇಳಿದರೆ ಅದು ಸಮಜಾಯಿಷಿಯಂತೆ ಕೇಳಿಸುತ್ತದೆ.

ಅಳತೆಗೆ ಬಂದರೆ, ಆರರಿಂದ ಎಂಟು ಅಧ್ಯಾಯ, ಒಂದೊಂದು 300–400 ಪದ, ವಾಕ್ಯಕ್ಕೆ ಐದಾರು ಪದ ಸಾಕು. ಅಕ್ಷರ 16 ಪಾಯಿಂಟ್‌ಗಿಂತ ಚಿಕ್ಕದಾದರೆ ಒತ್ತಕ್ಷರಗಳು ಕಲಸಿಹೋಗುತ್ತವೆ. ‘ಸ್ವಾತಂತ್ರ್ಯ’ದಂಥ ಪದ ಒಂದು ಪುಟಕ್ಕೆ ಎರಡು ಬಂದರೆ ಮಗು ನಗುವ ಮೊದಲೇ ತಡವರಿಸುತ್ತದೆ.

ಮಾತುಗಳನ್ನು ನಿಮ್ಮೂರಿನ ಕನ್ನಡದಲ್ಲೇ ಇಡಿ, ನಿರೂಪಣೆ ಮಾತ್ರ ಪಠ್ಯಪುಸ್ತಕದ ಕನ್ನಡಕ್ಕೆ ಹತ್ತಿರವಿರಲಿ. ಗುರುಗಳನ್ನು ಪೆದ್ದರನ್ನಾಗಿಸಬೇಡಿ (ಅದು ಅಗ್ಗದ ನಗು). ಕೊನೆಯಲ್ಲಿ ಹುಡುಗನಿಂದ ‘ಇನ್ನು ಮುಂದೆ ಹೀಗೆ ಮಾಡುವುದಿಲ್ಲ’ ಎಂದು ಹೇಳಿಸಿದ್ದರೆ ಆ ಸಾಲು ಹೊಡೆದುಹಾಕಿ. ಮುಂದಿನ ಅಧ್ಯಾಯದಲ್ಲಿ ಅವನು ಮಾಡಲೇಬೇಕಲ್ಲ!