ಹಳೆಯ ನೋವನ್ನು ದಂಪತಿ ಕೌನ್ಸೆಲಿಂಗ್‌ನಲ್ಲಿ ಹೇಳಲೇಬೇಕಾ?

ಗಂಡ ದನಿ ಏರಿಸಿದರೆ ಸಾಕು, ಚಿಕ್ಕಂದಿನಲ್ಲಿ ಅಪ್ಪ ಹೊಡೆದದ್ದು ನೆನಪಾಗಿ ಮಾತೇ ನಿಂತುಹೋಗುತ್ತದೆ ಅಂತ ಮುಂಬೈ ಹತ್ತಿರದ ಡೊಂಬಿವಲಿಯಿಂದ ಬರೆದಿದ್ದೀರಿ.

ಮೊದಲ ದಿನವೇ ಎಲ್ಲ ಹೇಳಬೇಕಿಲ್ಲ. ನಿಮ್ಮದು ಹಟ ಅಲ್ಲ, ಹೆದರಿದ ಮೈ ತನ್ನನ್ನು ಕಾಪಾಡಿಕೊಳ್ಳುವ ರೀತಿ. ನಿಮ್ಮ ಗಂಡನಿಗೆ ಅದು ಮುನಿಸಿನಂತೆ ಕಾಣುತ್ತದೆ. ದನಿ ಇನ್ನೂ ಏರುತ್ತದೆ, ನೀವು ಇನ್ನೂ ಮುದುಡುತ್ತೀರಿ. ಒಳ್ಳೆಯ ಥೆರಪಿಸ್ಟ್ ಮೊದಲು ಈ ಸುತ್ತನ್ನೇ ಇಬ್ಬರಿಗೂ ತೋರಿಸುತ್ತಾರೆ. 1980ರ ದಶಕದಲ್ಲಿ ಮನಶ್ಶಾಸ್ತ್ರಜ್ಞರಾದ ಸ್ಯೂ ಜಾನ್ಸನ್, ಲೆಸ್ಲಿ ಗ್ರೀನ್‌ಬರ್ಗ್ ರೂಪಿಸಿದ ಎಮೋಷನಲಿ ಫೋಕಸ್ಡ್ ಥೆರಪಿ (ಭಾವನೆಗಳ ಮೇಲೆ ಗಮನ ಇಡುವ ದಂಪತಿ ಥೆರಪಿ) ಶುರುವಾಗುವುದೇ ಹೀಗೆ. ಆಳದ ಗಾಯಕ್ಕೆ ನೀವೊಬ್ಬರೇ ಹೋಗುವ ಥೆರಪಿಯೂ ಬೇಕಾಗಬಹುದು.

ಈಗಲೂ ಮನೆಯಲ್ಲಿ ಹೊಡೆತ ಇದ್ದರೆ ಜೋಡಿಯಾಗಿ ಕೂರಬೇಡಿ, ಮೊದಲು ನಿಮ್ಮ ಸುರಕ್ಷತೆ.

ಇಂಥ ಮಾತು ತಾಯ್ನುಡಿಯಲ್ಲೇ ಸಲೀಸು ಅಲ್ವಾ? ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಕನ್ನಡದಲ್ಲಿ ಮಾತಾಡಬೇಕು ಅಂತ ಕೇಳಿ.