ಒಳ್ಳೆ ಎಸಿ ಮೆಕ್ಯಾನಿಕ್, ಪ್ಲಂಬರ್ ಸಿಗ್ತಿಲ್ಲವಾ? ಜಾಹೀರಾತು ಆಮೇಲೆ ಹಾಕಿ

ನಿಮ್ಮ ಪ್ರಶ್ನೆ ಓದಿ ನಗು ಬಂತು, ಬೇಜಾರು ಮಾಡ್ಕೋಬೇಡಿ. ಎಸಿ, ಪ್ಲಂಬಿಂಗ್ ಕೆಲಸಕ್ಕೆ ಕೈ ಪಳಗಿದವರು ಸಿಗುತ್ತಿಲ್ಲ, ಜಾಹೀರಾತು ಎಲ್ಲಿ ಹಾಕಲಿ, ಸಂಬಳ ಜಾಸ್ತಿ ಕೊಟ್ಟು ಬೇರೆ ಕಡೆಯಿಂದ ಕರೆಸಿಕೊಳ್ಳಲಾ ಅಂತ ಕೇಳಿದ್ದೀರಿ. ಒಂಬತ್ತು ವರ್ಷದ ಹಿಂದೆ ನಾನೂ ಇದನ್ನೇ ಕಂಡವರಿಗೆಲ್ಲ ಕೇಳುತ್ತಾ ತಿರುಗಿದ್ದೆ. ಕೊನೆಗೆ ಜಾಸ್ತಿ ಸಂಬಳ ಕೊಟ್ಟು ಒಬ್ಬನನ್ನು ಕರೆಸಿಕೊಂಡೆ. ಅವನು ಬಂದ, ನನ್ನಲ್ಲಿದ್ದ ಒಬ್ಬನೇ ಒಬ್ಬ ಒಳ್ಳೆ ಮೆಕ್ಯಾನಿಕ್ ಹೋದ.

ಬೇಸಿಗೆ ಶುರುವಾಗಿತ್ತು. ಫೋನ್ ಕೆಳಗಿಡುವ ಹಾಗಿರಲಿಲ್ಲ, ಇದ್ದ ನಾಲ್ವರಲ್ಲಿ ಒಬ್ಬ ಆಗಷ್ಟೇ ಬಿಟ್ಟು ಹೋಗಿದ್ದ. ಆಗ ಇವನು ಬಂದ. ಹದಿನಾಲ್ಕು ವರ್ಷದ ಅನುಭವ. ಮಾತು ಅಂದ್ರೆ ಮಾತು. ಆರ್-22, ಆರ್-410ಎ, ಆರ್-32 ಅಂತ ಎಸಿ ಗ್ಯಾಸ್‌ಗಳ ಹೆಸರು ಪಟಪಟ ಹೇಳಿದ, ಇನ್ವರ್ಟರ್ ಬೋರ್ಡ್ ಬಗ್ಗೆ ನನಗೇ ಪಾಠ ಮಾಡಿದ. ಅರ್ಧ ಗಂಟೆ ಎದುರು ಕೂರಿಸಿಕೊಂಡು ಮಾತಾಡಿದೆ, ಮಾರನೇ ದಿನ ಬೆಳಗ್ಗೆ ಟೂಲ್ ಬ್ಯಾಗ್, ವ್ಯಾಕ್ಯೂಮ್ ಪಂಪ್ ಕೊಟ್ಟು ಕಳಿಸಿದೆ.

ನನ್ನ ತಪ್ಪು ಇದೇ. ಅವನ ಬಾಯಿ ನೋಡಿದೆ, ಕೈ ನೋಡಲಿಲ್ಲ. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಇದನ್ನು ಮಾಡುವಾಗ ತಪ್ಪು ಅಂತ ಅನ್ನಿಸುವುದೇ ಇಲ್ಲ. ನಮ್ಮ ಕೆಲಸದಲ್ಲಿ ಕೆಟ್ಟ ಕೆಲಸವೂ ಅವತ್ತಿನ ದಿನ ಒಳ್ಳೆ ಕೆಲಸದ ಥರಾನೇ ಕಾಣುತ್ತದೆ. ಹೊಸ ಎಸಿ ಕೂರಿಸಿ, ಪೈಪಿನೊಳಗಿನ ಗಾಳಿಯನ್ನು ಪಂಪ್ ಹಾಕಿ ಎಳೆಯದೆ, ಸ್ವಲ್ಪ ಗ್ಯಾಸ್ ಹೊರಗೆ ಬಿಟ್ಟು ಅದರ ಜೊತೆ ಗಾಳಿ ಹೋಯ್ತು ಅಂತ ನಟ್ ಬಿಗಿ ಮಾಡಿದರೂ ರೂಮು ತಣ್ಣಗಾಗುತ್ತದೆ. ಮನೆಯವರು ಖುಷಿ, ನಾನೂ ಖುಷಿ. ಆರ್-22 ಕಾಲದಲ್ಲಿ ತುಂಬಾ ಜನ ಹಾಗೇ ಮಾಡುತ್ತಿದ್ದರು, ಹೇಗೋ ನಡೆಯುತ್ತಿತ್ತು. ಈಗಿನ ಮಷಿನ್‌ಗಳ ಆಯಿಲ್ ಹಾಗಲ್ಲ, ತೇವವನ್ನು ಸ್ಪಂಜಿನ ಹಾಗೆ ಎಳೆದುಕೊಳ್ಳುತ್ತದೆ. ಅದರಲ್ಲೂ ಎಸ್ಟರ್ ಅನ್ನುವ ಥರದ ಆಯಿಲ್ ಆದರೆ ನೀರು ಸೇರಿ ಆಸಿಡ್ ಆಗುತ್ತದೆ, ಆ ಆಸಿಡ್ ಕಂಪ್ರೆಸರ್ ಮೋಟರಿನ ತಂತಿ ಸುರುಳಿಯ ಇನ್ಸುಲೇಷನ್ ತಿನ್ನುತ್ತಾ ಹೋಗುತ್ತದೆ. ಗೊತ್ತಾಗುವಷ್ಟರಲ್ಲಿ ತಿಂಗಳುಗಳೇ ಕಳೆದಿರುತ್ತವೆ. ಇದೆಲ್ಲ ನನಗೆ ಗೊತ್ತಿರದ ವಿಷಯವೇನಲ್ಲ, ನಾನೂ ಪೈಪ್ ಬಗ್ಗಿಸಿಯೇ ಮೇಲೆ ಬಂದವನು. ಆದರೂ ಒಂದು ದಿನ ಅವನ ಹಿಂದೆ ಹೋಗಿ ನಿಂತು ನೋಡಲಿಲ್ಲ.

ಅವನು ದಿನಕ್ಕೆ ಆರು ಕಾಲ್ ಮುಗಿಸುತ್ತಿದ್ದ. ನನ್ನ ಹಳೆ ಹುಡುಗ ಮೂರು. ಯಾಕಂದ್ರೆ ಈ ಹಳೆ ಹುಡುಗ ಪೈಪಿಗೆ ನೈಟ್ರೋಜನ್ ತುಂಬಿ, ಸೋಪಿನ ನೀರು ಹಚ್ಚಿ ಲೀಕ್ ನೋಡಿ, ಆಮೇಲೆ ವ್ಯಾಕ್ಯೂಮ್ ಮೀಟರ್ 500 ಮೈಕ್ರಾನ್‌ಗೆ ಇಳಿಯುವವರೆಗೆ, ಅಂದ್ರೆ ಒಳಗೆ ಗಾಳಿ ಹೆಚ್ಚುಕಡಿಮೆ ಉಳಿಯದಷ್ಟು, ಪಂಪ್ ಓಡಿಸಿ, ಪಂಪ್ ನಿಲ್ಲಿಸಿ ಮೀಟರ್ ಮತ್ತೆ ಮೇಲೇರುತ್ತದಾ ಅಂತ ಕಾದು ನೋಡುವವನು. ನಾನು ಎಲ್ಲರ ಮುಂದೆ ‘ಅವನು ಆರು ಮಾಡ್ತಾನೆ, ನೀನು ಮೂರರಲ್ಲೇ ಇದ್ದೀಯಲ್ಲ’ ಅಂದುಬಿಟ್ಟೆ. ಸಂಬಳ ಯಾರಿಗೆ ಎಷ್ಟು ಅಂತ ಹುಡುಗರಿಗೆ ಗೊತ್ತಾಗಲ್ಲ ಅಂತ ನೀವೂ ಅಂದುಕೊಂಡಿದ್ದೀರಾ? ವಾರದೊಳಗೆ ಎಲ್ಲರಿಗೂ ಗೊತ್ತಿತ್ತು.

ಮೂರನೇ ವಾರದಿಂದ ಕಂಪ್ಲೇಂಟ್ ಶುರು. ‘ಕೂಲಿಂಗ್ ಇಲ್ಲ.’ ಅವನೇ ಹೋಗಿ ಗ್ಯಾಸ್ ತುಂಬಿ ಬರುತ್ತಿದ್ದ, ಲೀಕ್ ಹುಡುಕುತ್ತಿರಲಿಲ್ಲ. ಎಸಿ ಗ್ಯಾಸ್ ಏನು ಪೆಟ್ರೋಲಾ, ಓಡಿದ ಹಾಗೆ ಖಾಲಿಯಾಗೋಕೆ? ಕಡಿಮೆಯಾಗಿದೆ ಅಂದ್ರೆ ಎಲ್ಲೋ ಸೋರುತ್ತಿದೆ. ಎರಡನೇ ಸಲವೂ ಕಂಪ್ಲೇಂಟ್ ಬಂದಾಗ ಹಳೆ ಹುಡುಗನನ್ನು ಕಳಿಸಿದೆ. ಅವನ ಮೂರು ಕಾಲ್‌ಗಳ ಮೇಲೆ ಇದು ಬೇರೆ. ಎರಡು ತಿಂಗಳು ಬಾಯಿ ಬಿಡದೆ ಮಾಡಿದ. ಆಮೇಲೆ ಒಂದು ಸಂಜೆ, ‘ಸಾರ್, ಅವನ ಪಂಪ್ ಒಂದ್ಸಲ ತೆಗೆದು ನೋಡಿ’ ಅಂದ, ಅಷ್ಟೇ.

ನೋಡಿದೆ. ಓಡಿಸುವ ವ್ಯಾಕ್ಯೂಮ್ ಪಂಪ್‌ನ ಆಯಿಲ್ ಎಳೆದ ತೇವಕ್ಕೆ ಮಬ್ಬಾಗುತ್ತದೆ, ಆಗಾಗ ಬದಲಾಯಿಸಬೇಕು. ಅವನ ಪಂಪಿನ ಆಯಿಲ್ ನಾನು ತುಂಬಿಸಿಕೊಟ್ಟ ದಿನ ಹೇಗಿತ್ತೋ ಹಾಗೇ ತಿಳಿಯಾಗಿತ್ತು. ಪಂಪಿನ ಬಾಯಿಗೆ ನಾನು ಸುತ್ತಿದ್ದ ಟೇಪೂ ಹಾಗೇ ಇತ್ತು.

ಅವನನ್ನು ಕಳಿಸಿದೆ. ಆದರೆ ಅದೇ ತಿಂಗಳು ಹಳೆ ಹುಡುಗನೂ ಬೀಗದ ಕೈ ತಂದು ಟೇಬಲ್ ಮೇಲಿಟ್ಟ. ಸಂಬಳ ಜಾಸ್ತಿ ಮಾಡುತ್ತೇನೆ ಅಂದೆ. ‘ಈಗ ಬೇಡ ಸಾರ್’ ಅಂದ. ವರ್ಷ ತುಂಬುವುದರೊಳಗೆ ಎರಡು ಕಂಪ್ರೆಸರ್ ಸುಟ್ಟವು, ಎರಡನ್ನೂ ನನ್ನ ದುಡ್ಡಿನಲ್ಲೇ ಹಾಕಿಕೊಟ್ಟೆ. ಆ ದುಡ್ಡು ಆಮೇಲೆ ದುಡಿದೆ ಬಿಡಿ.

ಅದಕ್ಕೇ ಹೇಳುವುದು, ಜಾಹೀರಾತು ಎಲ್ಲಿ ಹಾಕಲಿ ಅನ್ನುವ ಪ್ರಶ್ನೆಯೇ ಸರಿಯಿಲ್ಲ. ನಿಮ್ಮಲ್ಲಿಂದ ಕೊನೆಗೆ ಬಿಟ್ಟು ಹೋದವನು ಯಾಕೆ ಹೋದ ಅಂತ ನಿಮಗೆ ಗೊತ್ತಾ? ಗೊತ್ತಿಲ್ಲದಿದ್ದರೆ ಅವನಿಗೆ ಫೋನ್ ಮಾಡಿ. ಒಬ್ಬ ಕೆಡಿಸಿದ್ದನ್ನು ಇನ್ನೊಬ್ಬ ಬಿಟ್ಟಿಯಾಗಿ ಸರಿ ಮಾಡುವ ಕಡೆ ಒಳ್ಳೆಯವನು ನಿಲ್ಲಲ್ಲ, ನೀವು ಎಷ್ಟೇ ಜನರನ್ನು ತಂದು ತುಂಬಿಸಿ.

ಹೊಸಬರು ಬೇಕೇ ಬೇಕು ಅಂದ್ರೆ ಸ್ಪೇರ್ ಪಾರ್ಟ್ಸ್ ಅಂಗಡಿಯವನನ್ನು ಕೇಳಿ. ನೈಟ್ರೋಜನ್ ಸಿಲಿಂಡರ್ ಪದೇ ಪದೇ ತುಂಬಿಸಿಕೊಳ್ಳುವವನು ಯಾರು ಅಂತ. ಬ್ರೇಜಿಂಗ್ ಮಾಡುವಾಗ, ಅಂದ್ರೆ ಪೈಪ್ ಕಾಯಿಸಿ ಬೆಸೆಯುವಾಗ, ಪೈಪಿನೊಳಗೆ ನೈಟ್ರೋಜನ್ ಬಿಡದಿದ್ದರೆ ಒಳಗೆ ಕಪ್ಪು ಸಿಪ್ಪೆ ಏಳುತ್ತದೆ, ಅದು ಹೋಗಿ ಕ್ಯಾಪಿಲರಿ ಅನ್ನುವ ತುಂಬಾ ಸಣ್ಣ ಪೈಪಿನಲ್ಲಿ ಕೂರುತ್ತದೆ. ಯಾರ ಕಣ್ಣಿಗೂ ಬೀಳದ ಆ ಕೆಲಸಕ್ಕೆ ದುಡ್ಡು ಹಾಕುವವನು ನಿಮಗೆ ಬೇಕಾದವನು. ಬಂದವನಿಗೆ ಒಂದು ದಿನದ ಕೂಲಿ ಕೊಟ್ಟು ಕೆಲಸ ಮಾಡಿಸಿ ನೋಡಿ, ಸುಮ್ನೆ ಮಾಡಿಸಬೇಡಿ. ತಾಮ್ರದ ಪೈಪ್ ಕೊಟ್ಟು ಫ್ಲೇರ್ ಮಾಡಿಸಿ, ಅಂದ್ರೆ ನಟ್ ಕೂರುವ ಹಾಗೆ ಪೈಪಿನ ತುದಿ ಅಗಲ ಮಾಡಿಸಿ. ಅಂಚು ಕೆರೆಯುವಾಗ ಪುಡಿ ಒಳಗೆ ಬೀಳದ ಹಾಗೆ ಪೈಪಿನ ಬಾಯಿ ಕೆಳಗೆ ಮಾಡಿ ಹಿಡಿಯುತ್ತಾನಾ? ನಟ್ ಬಿಗಿ ಮಾಡಲು ಎರಡು ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾನಾ? ನಟ್ ಹಾಕುವುದನ್ನೇ ಮರೆತು ಫ್ಲೇರ್ ಮಾಡಿದರೆ ಬಿಟ್ಟುಬಿಡಿ, ಅದು ಎಲ್ಲರಿಗೂ ಆಗುತ್ತದೆ, ನನಗೆ ಈಗಲೂ ಆಗುತ್ತದೆ. ಪ್ಲಂಬರ್ ಆದರೆ ಇನ್ನೂ ಸುಲಭ, ನಲ್ಲಿಗೆ ಕೈ ಹಾಕುವ ಮೊದಲು ಮೇನ್ ವಾಲ್ವ್ ಎಲ್ಲಿದೆ ಅಂತ ಕೇಳುತ್ತಾನಾ ನೋಡಿ. ಕೇಳದವನಿಗೆ ಇಪ್ಪತ್ತು ವರ್ಷದ ಅನುಭವ ಇದ್ದರೂ ನನಗೆ ಬೇಡ.

ಹೆಲ್ಪರ್ ಹುಡುಗರನ್ನು ನೀವೇ ತಯಾರು ಮಾಡಿ ಅಂತ ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಒಂದೆರಡು ವರ್ಷ ಹಿಡಿಯುತ್ತದೆ, ಕಲಿಸುವವನು ನಿಮ್ಮಲ್ಲಿ ಇರಬೇಕು. ನಾನು ಕಳೆದುಕೊಂಡಿದ್ದು ಅವನನ್ನೇ.

ಅವನು ಈಗ ಸ್ವಂತ ಕೆಲಸ ಮಾಡುತ್ತಾನೆ. ನನ್ನ ಕೈಗೆ ಮೀರಿದ ಕೆಲಸ ಇದ್ದಾಗ ಅವನಿಗೇ ಕೊಡುತ್ತೇನೆ. ಹೋದ ವರ್ಷ ಒಬ್ಬ ಹುಡುಗ ಕೆಲಸ ಕೇಳಿಕೊಂಡು ಬಂದ, ಅನುಭವ ಬರೀ ಎರಡು ವರ್ಷ, ಮಾತೂ ಕಡಿಮೆ. ಪೈಪ್ ಕೊಟ್ಟೆ. ಬಾಯಿ ಕೆಳಗೆ ಮಾಡಿ ಹಿಡಿದ. ಯಾರು ಕಲಿಸಿದ್ದು ಅಂತ ಕೇಳಿದರೆ ‘ಅಣ್ಣ ಮೊದಲು ನಿಮ್ಮ ಹತ್ರಾನೇ ಇದ್ರಂತಲ್ಲ ಸಾರ್’ ಅಂದ.